ಬೋಟಿಲ್ಲದ ತಿಂಗಳ ನೀರು

ಕಮಿಟಿಯ ಮುಂದೆ ಮೂರು ವಿಧಾನಗಳಿದ್ದವು. ನನಗೆ ಬೇಕಾಗಿದ್ದದ್ದು ಮೂರನೆಯದು. ಅದಕ್ಕೆ ಕಾರಣ ನೀರಲ್ಲ, ಇರ್ವಿನ್ ಲಸ್ರಾದೊ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ.

ಮಂಗಳೂರಿನ ಕುದ್ರೋಳಿಯ ಹಿಂಬದಿಯಲ್ಲಿ, ಹೊಳೆಯ ಕಡೆಗೆ ಇಳಿಯುವ ದಾರಿಯ ಕೊನೆಯಲ್ಲಿ, ಹದಿನಾರು ವರ್ಷಗಳಿಂದ ಮುಚ್ಚಿಕೊಂಡಿದ್ದ ನೀರಿನ ಘಟಕವೊಂದಿದೆ. ಉರ್ವ, ಮಣ್ಣಗುಡ್ಡ, ಕುದ್ರೋಳಿಯ ಮನೆಗಳ ಬಚ್ಚಲು, ಕಕ್ಕಸು, ಅಡುಗೆಮನೆಯ ನೀರೆಲ್ಲ ಒಂದು ಕಾಲದಲ್ಲಿ ಅಲ್ಲಿಗೆ ಬಂದು, ಶುದ್ಧವಾಗಿ, ಪಾರ್ಕುಗಳಿಗೆ, ಕಟ್ಟಡ ಕಟ್ಟುವವರಿಗೆ, ಬಸ್ಸು ತೊಳೆಯುವವರಿಗೆ ಹೋಗುತ್ತಿತ್ತು. ಪಂಪುಗಳು ಒಂದರ ಹಿಂದೆ ಒಂದು ಸುಟ್ಟವು. ಬಿಡಿಭಾಗ ಬರುತ್ತದೆ ಬರುತ್ತದೆ ಎಂದು ಕಾದೆವು. ಕೊನೆಗೆ ಬಂದದ್ದು ಬೀಗ. ಈಗ ಎರಡು ಬೇಸಿಗೆ, ಊರಿಗೆಲ್ಲ ನೀರು ಕೊಡುವ ತುಂಬೆಯ ಅಣೆಕಟ್ಟೆಯಲ್ಲಿ ನೀರು ತಳ ಕಂಡು, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬಂದ ಮೇಲೆ, ಮೇಲಿನವರಿಗೆ ಹಳೆಯ ಘಟಕದ ನೆನಪಾಯಿತು. ಅದನ್ನು ಮತ್ತೆ ಶುರು ಮಾಡಲು ಯಾವ ವಿಧಾನ ಸೂಕ್ತ ಎಂದು ಹೇಳಲಿಕ್ಕೆ ಏಳು ಜನರ ಕಮಿಟಿ ಮಾಡಿದರು. ಏಳನೆಯವಳು ನಾನು, ಕುಶಲಾ. ಘಟಕದ ಲ್ಯಾಬಿನಲ್ಲಿ ಏಳು ವರ್ಷ ನೀರು ಪರೀಕ್ಷೆ ಮಾಡಿದವಳು, ಮುಚ್ಚಿದ ಮೇಲೆ ಇನ್ನೊಂದು ಲ್ಯಾಬಿಗೆ ವರ್ಗವಾದವಳು. ಕಮಿಟಿಗೆ ನನ್ನನ್ನು ಕರೆದದ್ದು ಬುದ್ಧಿಗಾಗಿ ಅಲ್ಲ. ಹಳೆಯ ಪರೀಕ್ಷೆಗಳ ಪುಸ್ತಕಗಳನ್ನು ಗುಜರಿಗೆ ಹಾಕದೆ ಮನೆಯಲ್ಲಿ ಕಪಾಟಿನ ಮೇಲೆ ಇಟ್ಟುಕೊಂಡವಳು ನಾನೊಬ್ಬಳೇ ಎಂದು ಅವರಿಗೆ ಯಾರೋ ಹೇಳಿದ್ದರು.

ಮೊದಲನೆಯ ವಿಧಾನ ನಮ್ಮ ಹಳೆಯದೇ. ಮುಂದಿನ ತೊಟ್ಟಿಯಲ್ಲಿ ತೇಲುವ ಜಿಡ್ಡನ್ನು ಕೆರೆದು ತೆಗೆಯುವುದು, ದೊಡ್ಡ ತೊಟ್ಟಿಯಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಕೊಳೆ ತಿನ್ನಿಸುವುದು, ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮರಳಿನ ಫಿಲ್ಟರಿನಲ್ಲಿ ಹಾಯಿಸಿ ಕ್ಲೋರಿನ್ ಹಾಕುವುದು. ಎರಡನೆಯದರಲ್ಲಿ ಇದೇ ಕೆಲಸ ಒಂದೇ ತೊಟ್ಟಿಯಲ್ಲಿ, ಸರದಿಯ ಮೇಲೆ. ಮೂರನೆಯದು ಮೆಂಬ್ರೇನ್. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಸಾವಿರಾರು ಕೊಳವೆಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ನೀರನ್ನು ಅದರೊಳಗಿಂದ ಹೀರುತ್ತಾರೆ. ಹೊರಗೆ ಬರುವ ನೀರು ಗಾಜಿನ ಹಾಗಿರುತ್ತದೆ, ಜಾಗವೂ ಅರ್ಧ ಸಾಕು. ಅದನ್ನು ತಂದವರು ಮಸ್ಕತ್ತಿನ ಒಂದು ಕಂಪೆನಿಯವರು. ನಮ್ಮದನ್ನು ಆರಿಸಿದರೆ ಹತ್ತು ವರ್ಷ ನಾವೇ ನಡೆಸಿಕೊಡುತ್ತೇವೆ, ನಮ್ಮ ಇಂಜಿನಿಯರ್ ಮಂಗಳೂರಿನಲ್ಲೇ ಇರುತ್ತಾರೆ ಎಂದು ಬರೆದುಕೊಟ್ಟಿದ್ದರು. ಆ ಇಂಜಿನಿಯರ್ ಇರ್ವಿನ್.

ಹತ್ತು ವರ್ಷ. ನನಗೆ ಈಗ ನಲವತ್ತೈದು. ಲೆಕ್ಕ ಹಾಕುವುದು ನನ್ನ ಕೆಲಸ, ಹಾಕಿದೆ. ಅವರು ಹತ್ತು ವರ್ಷ ದಿನಾ ಬೆಳಿಗ್ಗೆ ಆ ಗೇಟಿನಿಂದ ಒಳಗೆ ಬರುತ್ತಾರೆ. ಮೇಲಿನವರು ನನ್ನನ್ನು ಅದೇ ಲ್ಯಾಬಿಗೆ ವಾಪಸ್ ಹಾಕುತ್ತಾರೆ. ಅಷ್ಟು ಸಿಕ್ಕಿದರೆ ಉಳಿದದ್ದು ದೇವರಲ್ಲಿ ಕೇಳುವುದಿಲ್ಲ ಎಂದುಕೊಂಡೆ.

ಸೆಪ್ಟೆಂಬರಿನ ಒಂದು ಸೋಮವಾರ ಅವರು ಘಟಕ ನೋಡಲು ಬಂದರು. ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಸ್ತಕಗಳ ಚೀಲ ಹಿಡಿದು ಬೇಕೆಂದೇ ಕಾಲು ಗಂಟೆ ತಡವಾಗಿ ಹೋದೆ. ಗೇಟಿನಲ್ಲಿ ಲೋಕಯ್ಯಣ್ಣ ನಿಂತಿದ್ದರು. ಹಿಂದೆ ವಾಲ್ವು ತಿರುಗಿಸುತ್ತಿದ್ದವರು, ಬೀಗ ಬಿದ್ದ ಮೇಲೆ ಬೀಗ ಕಾಯುವವರಾಗಿ ಉಳಿದವರು. ಬಾಯಿಗೆ ಬೀಗ ಹಾಕುವವರು ಮಾತ್ರ ಅವರಿಗೆ ಇನ್ನೂ ಸಿಕ್ಕಿಲ್ಲ.

"ಕುಶಲಕ್ಕ, ನಿಮ್ಮ ಇಂಜಿನಿಯರ್ ಬಂದಿದ್ದಾರೆ."

"ನನ್ನ ಎಂತದು? ಮಸ್ಕತ್ತಿನ ಇಂಜಿನಿಯರ್."

"ಆಯ್ತು, ಮಸ್ಕತ್ತಿನದ್ದು. ಊರಿಗೆ ಬಂದವರು ನೀರಿಗೆ ಬಾರದೆ ಇರ್ತಾರಾ?" ಎಂದು ಹೇಳಿ ನಕ್ಕರು.

ಇರ್ವಿನ್ ಒಣಗಿದ ಗಾಳಿ ತೊಟ್ಟಿಯ ಅಂಚಿನಲ್ಲಿ ನಿಂತಿದ್ದರು. ತಲೆ ಅರ್ಧ ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಬಂದಿತ್ತು. ಗೋಡೆಯ ಬಿರುಕಿನಲ್ಲಿ ಆಳೆತ್ತರ ಬೆಳೆದ ಅಶ್ವತ್ಥದ ಗಿಡವನ್ನು ನೋಡುತ್ತಿದ್ದರು. ನನ್ನ ಕಾಲಸಪ್ಪಳಕ್ಕೆ ತಿರುಗಿದರು.

"ಎಂತ ಕುಶಲಾ, ಇನ್ನೂ ಅದೇ ಕೊಡೆಯಾ?"

ಹದಿನಾರು ವರ್ಷದ ಮೇಲೆ ಒಬ್ಬ ಗಂಡಸು ಆಡುವ ಮೊದಲ ಮಾತು ಕೊಡೆಯ ಬಗ್ಗೆ. ನನಗೆ ಸಿಟ್ಟು ಬಂತು, ನಗುವೂ ಬಂತು.

"ಇಲ್ಲ ಮಾರಾಯ್ರೆ, ಇದು ಮೂರನೆಯದ್ದು. ನೀವು ಹೋದ ಮೇಲೆ ಎರಡು ಹರಿದು ಹೋಗಿದೆ."

ಅವರು ನನ್ನ ಮುಖ ನೋಡಿದರು. ಏನೋ ಹೇಳಲಿಕ್ಕಿದ್ದವರು ತೊಟ್ಟಿಯ ಕಬ್ಬಿಣದ ಏಣಿಯನ್ನು ಮುಟ್ಟಿ, "ತುಕ್ಕು ಹಿಡಿದಿದೆ, ಆದ್ರೆ ಗಟ್ಟಿ ಉಂಟು," ಎಂದರು. ನಮ್ಮದು ಯಾವಾಗಲೂ ಹೀಗೆಯೇ. ಬಾಯಿಗೆ ಬಂದದ್ದು ನೀರಿನ ಕಡೆಗೋ ಪಂಪಿನ ಕಡೆಗೋ ತಿರುಗಿಬಿಡುತ್ತದೆ. ಏಳು ವರ್ಷ ಒಟ್ಟಿಗೆ ಕೆಲಸ ಮಾಡಿಯೂ ನಾವು 'ನೀವು' ಬಿಟ್ಟು ಕೆಳಗಿಳಿದವರಲ್ಲ.

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಆ ಲ್ಯಾಬಿಗೆ ಸೇರಿದೆ. ಇರ್ವಿನ್ ನನಗಿಂತ ಐದು ವರ್ಷ ದೊಡ್ಡವರು, ಆಗಲೇ ಶಿಫ್ಟ್ ಇಂಜಿನಿಯರ್. ಗಾಳಿ ತೊಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ದಿನಾ ಬೆಳಿಗ್ಗೆ ಒಂದು ಪರೀಕ್ಷೆ ಇರುತ್ತಿತ್ತು. ತೊಟ್ಟಿಯಿಂದ ಒಂದು ಲೀಟರ್ ಕಂದು ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿ, ಅಲುಗಿಸದೆ ಮೂವತ್ತು ನಿಮಿಷ ಕಾಯಬೇಕು. ಕೆಸರು ಎಷ್ಟು ಕೆಳಗೆ ಕೂರುತ್ತದೆ ಎಂದು ನೋಡಿ ಬರೆದುಕೊಳ್ಳಬೇಕು. ಅದಕ್ಕೆ ಇಂಜಿನಿಯರ್ ಇರಬೇಕಾದ ಅಗತ್ಯವೇ ಇಲ್ಲ. ಇರ್ವಿನ್ ಮಾತ್ರ ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಆ ಮೂವತ್ತು ನಿಮಿಷ ನಮ್ಮದಾಗಿತ್ತು. ಜಾಡಿಯ ಆ ಕಡೆ ಅವರು, ಈ ಕಡೆ ನಾನು, ನಡುವೆ ಊರಿನ ಕೊಳೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅಂಥ ಜಾಗದಲ್ಲಿ ಪ್ರೀತಿ ಹುಟ್ಟುತ್ತದೆಯೇ ಎಂದು ಯಾರಾದರೂ ಕೇಳಿದರೆ, ನನಗೆ ಹುಟ್ಟಿತು, ಏನು ಮಾಡಲಿ?

ನಮಗೊಂದು ಆಟವಿತ್ತು. ಕ್ಯಾಲೆಂಡರ್ ನೋಡದೆ, ಬರುವ ನೀರನ್ನು ನೋಡಿಯೇ ದಿನ ಯಾವುದೆಂದು ಹೇಳುವುದು. ಸೋಮವಾರ ಜಿಡ್ಡು ಕಡಿಮೆ, ಅರ್ಧ ಊರು ಮೀನು ಮುಟ್ಟುವುದಿಲ್ಲ. ಭಾನುವಾರ ಹತ್ತು ಗಂಟೆಯ ಮೇಲೆ ಜಿಡ್ಡೇ ಜಿಡ್ಡು. ರಂಜಾನಿನಲ್ಲಿ ಬೆಳಗಾಗುವ ಮೊದಲೇ ಹರಿವು ಏರಿರುತ್ತಿತ್ತು. ಡಿಸೆಂಬರ್ ಮೂರನೆಯ ವಾರ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಕರಿದ ಎಣ್ಣೆ ಕೆನೆಯ ಹಾಗೆ ತೇಲಿಬರುತ್ತಿತ್ತು. "ಇದು ನಮ್ಮ ಆಂಟಿಯ ಬಾಣಲೆಯದ್ದೇ," ಎಂದು ಇರ್ವಿನ್ ನಗುತ್ತಿದ್ದರು. ಯಾವ ಜಾತಿಯ ಯಾವ ಮನೆ ಎಂದು ಮೇಲೆ ಎಷ್ಟು ಗೋಡೆ ಕಟ್ಟಿದರೂ ನಮ್ಮ ತೊಟ್ಟಿಗೆ ಎಲ್ಲರೂ ಒಟ್ಟಿಗೆ ಬರುತ್ತಿದ್ದರು.

ಒಂದು ವರ್ಷ ಜಿಡ್ಡು ಇದ್ದಕ್ಕಿದ್ದಂತೆ ಮೂರು ಪಟ್ಟಾದಾಗ ಅದರ ಮೂಲ ಹುಡುಕಿದ್ದೂ ಇರ್ವಿನ್ನೇ. ಲೋಕಯ್ಯಣ್ಣನನ್ನು ಕರೆದುಕೊಂಡು ಒಂದೊಂದೇ ಮ್ಯಾನ್‌ಹೋಲ್ ತೆಗೆಸುತ್ತಾ ಹೋಗಿ, ದಕ್ಕೆಯ ಕಡೆಯಿಂದ ಬರುವ ಒಂದು ಹಳೆಯ ಪೈಪನ್ನು ಹಿಡಿದರು. ಬೋಟುಗಳು ಬಂದು ಮೀನಿಳಿಸುವ ಜಾಗಕ್ಕೆ ನಾವು ದಕ್ಕೆ ಎನ್ನುತ್ತೇವೆ. ಅಲ್ಲಿ ಮೀನು ಕತ್ತರಿಸುವ ಶೆಡ್ಡುಗಳನ್ನು ತೊಳೆದ ನೀರೆಲ್ಲ ಆ ಪೈಪಿನಲ್ಲಿ ನಮ್ಮ ಲೈನಿಗೆ ಸೇರುತ್ತಿತ್ತು. ಮುಚ್ಚಿದರೆ ಆ ನೀರು ನೇರ ಹೊಳೆಗೆ ಹೋಗುತ್ತದೆ ಎಂದು ಹಾಗೆಯೇ ಬಿಟ್ಟೆವು. ಯಾವ ನಕ್ಷೆಯಲ್ಲೂ ಆ ಪೈಪಿಲ್ಲ. ಗೊತ್ತಿದ್ದದ್ದು ನಮಗೆ ಮೂವರಿಗೆ.

ಬೀಗ ಬಿದ್ದ ಎರಡೇ ತಿಂಗಳಿಗೆ ಇರ್ವಿನ್ ಮಸ್ಕತ್ತಿಗೆ ಹೊರಟರು. ಮನೆಯಲ್ಲಿ ಮದುವೆಯಾಗಬೇಕಾದ ತಂಗಿಯಂದಿರು ಮೂವರು. ಹೋಗಬೇಡಿ ಎನ್ನಲು ನಾನು ಯಾರು? ಉರ್ವ ಮಾರ್ಕೆಟಿನ ಬಸ್‌ಸ್ಟಾಪಿನಲ್ಲಿ ಸಿಕ್ಕಿ, "ಪ್ಲಾಂಟ್ ಶುರುವಾದ್ರೆ ಹೇಳಿ, ಬರ್ತೇನೆ," ಎಂದರು. ತಮಾಷೆಗೆ ಅಂದದ್ದೋ ಏನೋ. ನಾನು ಅದನ್ನೇ ಹಿಡಿದುಕೊಂಡು ಕೂತೆ. ಬಂದ ಸಂಬಂಧಗಳನ್ನೆಲ್ಲ ಒಂದಲ್ಲ ಒಂದು ಕೊಂಕು ತೆಗೆದು ಕಳಿಸಿದೆ. ಒಬ್ಬನಿಗೆ ಮಾತು ಜಾಸ್ತಿ, ಇನ್ನೊಬ್ಬನಿಗೆ ಮಾತೇ ಇಲ್ಲ. ಅಕ್ಕ ಬೈದು ಬೈದು ಸುಸ್ತಾದಳು. ತಂಗಿಯಂದಿರ ಮದುವೆ ಮುಗಿಯುವಾಗ ಇರ್ವಿನ್ನಿಗೆ ನಲವತ್ತು ದಾಟಿತ್ತು, ಅವರೂ ಮದುವೆಯಾಗಲಿಲ್ಲ ಎಂದು ಲೋಕಯ್ಯಣ್ಣನೇ ಒಂದು ದಿನ ಸುದ್ದಿ ತಂದಿದ್ದರು. ಆ ದಿನ ನಾನು ಎರಡು ಸಾರಿ ಊಟ ಮಾಡಿದೆ.

ಹಾಗಾಗಿ ಆ ಸೋಮವಾರ ತೊಟ್ಟಿಯ ಅಂಚಿನಲ್ಲಿ ನಿಂತು ಅವರು, "ಈ ಕೆಲಸ ಸಿಕ್ಕಿದ್ರೆ ಹತ್ತು ವರ್ಷ ಇಲ್ಲಿ. ಆಮೇಲೆ ರಿಟೈರ್ ಆಗಿ ಇಲ್ಲೇ. ಮತ್ತೆ ವಿಮಾನ ಹತ್ತುದಿಲ್ಲ," ಎಂದಾಗ ಆಮೇಲಿನ ಮಾತು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಸಂಜೆ ಉರ್ವ ಮಾರ್ಕೆಟಿನಲ್ಲಿ ಇಳಿದು, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಂದು ಚೆಂಡು ಮಲ್ಲಿಗೆ ತೆಗೆದುಕೊಂಡೆ. ಅಕ್ಕ ನನ್ನ ತಲೆ ನೋಡಿ, ಕ್ಯಾಲೆಂಡರ್ ನೋಡಿದಳು.

ಮುಂದಿನ ವಾರ ಕಂಪೆನಿಯ ವರದಿ ನನ್ನ ಮೇಜಿಗೆ ಬಂತು. ಅವರು ತೆಗೆದ ನೀರಿನ ಅಂಕಿಗಳನ್ನು ನನ್ನ ಹಳೆಯ ಪುಸ್ತಕದ ಜೊತೆ ತಾಳೆ ನೋಡಿ ಸರಿಯಿದೆ ಎಂದು ಸಹಿ ಹಾಕಬೇಕಾಗಿತ್ತು. ಎಂಬತ್ತು ಪುಟ, ಬಣ್ಣದ ಚಿತ್ರಗಳು, ಕೊನೆಗೆ ಪಟ್ಟಿಗಳು. ಜಿಡ್ಡಿನ ಸಾಲಿಗೆ ಬಂದಾಗ ನಿಂತೆ. ಲೀಟರಿಗೆ ಆರು ಮಿಲಿಗ್ರಾಂ ಎಂದಿತ್ತು. ನನ್ನ ಪುಸ್ತಕ ತೆರೆದಲ್ಲೆಲ್ಲ ಭಾನುವಾರದ ಅಂಕಿ ತೊಂಬತ್ತರ ಮೇಲೆಯೇ ಇತ್ತು. ಊರು ಮೀನು ತಿನ್ನುವುದನ್ನು ಬಿಟ್ಟಿತೇ? ಪುಟ ತಿರುಗಿಸಿ ತಾರೀಕು ನೋಡಿದೆ. ಜುಲೈ ನಾಲ್ಕರಿಂದ ಇಪ್ಪತ್ತನಾಲ್ಕು.

ಜುಲೈ! ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂದು ಸರಕಾರವೇ ನಿಷೇಧ ಹಾಕುತ್ತದೆ. ಆ ಎರಡು ತಿಂಗಳು ದಕ್ಕೆ ಖಾಲಿ. ಶೆಡ್ಡುಗಳಿಗೆ ಬೀಗ, ಮಂಜುಗಡ್ಡೆಯ ಕಾರ್ಖಾನೆಗಳಿಗೆ ರಜೆ. ಮೇಲಿಂದ ತುಳುವರ ಆಟಿ ತಿಂಗಳ ಜಡಿಮಳೆ ಸುರಿದು ಚರಂಡಿಯ ನೀರೂ ತೆಳುವಾಗಿರುತ್ತದೆ. ಮಂಗಳೂರಿನ ಬೆಕ್ಕಿಗೂ ಗೊತ್ತಿರುವ ವಿಷಯ ಇದು. ಆ ತಿಂಗಳ ನೀರನ್ನು ನೋಡಿ ಮೆಂಬ್ರೇನ್ ಆರಿಸುವುದೆಂದರೆ ಉಪವಾಸದ ದಿನ ಮನೆಗೆ ಬಂದು ಇವರು ಮೀನೇ ತಿನ್ನುವವರಲ್ಲ ಎಂದು ಬರೆದುಕೊಂಡು ಹೋದ ಹಾಗೆ. ಜಿಡ್ಡು ಹತ್ತು ದಾಟಿದರೆ ಕೊಳವೆಗಳ ತೂತು ಕಟ್ಟುತ್ತದೆ ಎಂದು ಅವರದೇ ವರದಿಯ ಅರುವತ್ತೊಂದನೆಯ ಪುಟದಲ್ಲಿತ್ತು.

ನಾನು ವರದಿ ಮುಚ್ಚಿಟ್ಟೆ. ಮೂರು ದಿನ ಅದನ್ನು ಮುಟ್ಟಲಿಲ್ಲ. ಸಹಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ಶುರುವಾಗಿ, ಕಟ್ಟಿ, ನೀರು ಬಿಡುವಷ್ಟರಲ್ಲಿ ಎರಡು ವರ್ಷ. ಆಮೇಲೆ ಕೊಳವೆ ಕಟ್ಟಿದರೆ ಆಗ ನೋಡಿಕೊಳ್ಳೋಣ. ಎರಡು ವರ್ಷವಾದರೂ ಇರುತ್ತಾರಲ್ಲ! ಇಂಥ ಲೆಕ್ಕಗಳನ್ನೆಲ್ಲ ನಾನು ಹಾಕಿದೆ, ಸುಳ್ಳು ಹೇಳುವುದಿಲ್ಲ. ಆದರೆ ಒಮ್ಮೆ ಸತ್ತ ಘಟಕ ಇನ್ನೊಮ್ಮೆ ಸತ್ತರೆ ಅದನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟವರ ಕುತ್ತಿಗೆಗೆ ಅದು ಸುತ್ತಿಕೊಳ್ಳುತ್ತದೆ. ಆ ಕುತ್ತಿಗೆ ಇರ್ವಿನ್ನದು.

ನಾಲ್ಕನೆಯ ದಿನ ಭಾನುವಾರ. ಲೋಕಯ್ಯಣ್ಣನಿಂದ ಮ್ಯಾನ್‌ಹೋಲ್ ತೆಗೆಸಿ ಬಾಟಲಿಯಲ್ಲಿ ನೀರು ತಂದು ನಾನೇ ಪರೀಕ್ಷೆ ಮಾಡಿದೆ. ಒಂದು ನೂರ ಇಪ್ಪತ್ತೆಂಟು. ಊರು ಎಲ್ಲಿಗೂ ಹೋಗಿರಲಿಲ್ಲ.

ಮಣ್ಣಗುಡ್ಡದ ಒಂದು ಹೋಟೆಲಿಗೆ ಇರ್ವಿನ್ನರನ್ನು ಕರೆದೆ. ಅವರನ್ನು ನಾನು ಹಾಗೆ ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಸೆಂಟಿನ ಪರಿಮಳವೂ ಇತ್ತು. ಗೋಳಿಬಜೆ, ಚಾ ಬಂತು. ಅವರು ಚಟ್ನಿಯಲ್ಲಿ ಅದ್ದಿ ಒಂದು ಬಾಯಿಗೆ ಹಾಕಿಕೊಂಡ ಮೇಲೆ ವರದಿಯ ಆ ಪುಟವನ್ನೂ ನನ್ನ ಚೀಟಿಯನ್ನೂ ಮುಂದಿಟ್ಟೆ.

"ಇದು ಯಾವ ತಿಂಗಳ ನೀರು, ಹೇಳಿ ನೋಡುವ."

ಅವರು ಓದಿದರು. "ಜುಲೈ. ಯಾಕೆ?"

"ಯಾಕೆ ಅಂತ ನನ್ನಲ್ಲಿ ಕೇಳ್ತೀರಾ?"

ಅವರು ಮತ್ತೆ ಓದಿದರು. ಈ ಸಲ ಮುಖ ನಿಧಾನವಾಗಿ ಇಳಿಯಿತು. ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ಇಟ್ಟರು.

"ಬೋಟಿಲ್ಲ," ಎಂದರು.

"ಬೋಟಿಲ್ಲ."

"ಸ್ಯಾಂಪಲ್ ತೆಗೆದದ್ದು ನಮ್ಮ ಚೆನ್ನೈಯ ಟೀಮ್. ಅಂಕಿ ಎಲ್ಲ ನನಗೆ ಮಸ್ಕತ್ತಿಗೆ ಬಂತು. ನಾನೇ ನೋಡಿ ಸರಿ ಉಂಟು ಅಂದೆ." ನನ್ನ ಚೀಟಿಯನ್ನು ಮಡಚಿ ಮತ್ತೆ ಬಿಡಿಸಿದರು. "ಅಲ್ಲಿ ಜುಲೈ ಅಂದ್ರೆ ಸೆಕೆ, ಕುಶಲಾ. ಬೇರೆ ಎಂತದೂ ನೆನಪಿಗೆ ಬರ್ಲಿಲ್ಲ."

"ಆ ಪೈಪು ಹುಡುಕಿದ್ದು ನೀವೇ."

"ನಾನೇ."

ಅವರು ಮೋಸ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಮೋಸಕ್ಕೆ ಬೈಯಬಹುದು, ನನಗೆ ಬೈಗುಳ ಚೆನ್ನಾಗಿ ಬರುತ್ತದೆ. ಇದು ಮರೆವು. ನೀರು ನೋಡಿ ದಿನ ಹೇಳುತ್ತಿದ್ದವರು, ತಾರೀಕು ಕಣ್ಣ ಮುಂದಿದ್ದೂ ಊರನ್ನು ಗುರುತಿಸಲಿಲ್ಲ. ನಾನು ಹದಿನಾರು ವರ್ಷ ಒಂದೊಂದು ದಿನವನ್ನೂ ಕಪಾಟಿನ ಮೇಲೆ ಜೋಡಿಸಿ ಇಟ್ಟುಕೊಂಡಿದ್ದೆ, ಅವರಿಗೆ ಅಲ್ಲಿ ಎರಡು ತಿಂಗಳೇ ಮಾಯವಾಗಿದ್ದವು. ಹಾಗಾದರೆ ನಾನೂ ಎಷ್ಟು ತಿಂಗಳು ಮಾಯವಾಗಿದ್ದೆನೋ.

"ಮೆಂಬ್ರೇನಿನ ಮುಂದೆ ಒಂದು ತೊಟ್ಟಿ ಕಟ್ಟಿ ಜಿಡ್ಡು ತೆಗೆದ್ರೆ?" ಎಂದು ನಾನೇ ಕೇಳಿದೆ. ಆಸೆ ಪಡಲು ಯಾರಪ್ಪನ ಮನೆ ಗಂಟು ಹೋಗುತ್ತದೆ?

"ತೇಲುವ ಜಿಡ್ಡು ತೆಗಿಬಹುದು. ನೀರಲ್ಲೇ ಬೆರೆತು ಹೋದದ್ದನ್ನು ಬಿಡಿಸ್ಲಿಕ್ಕೆ ಬೇರೆಯೇ ಒಂದು ಪ್ಲಾಂಟ್ ಬೇಕು. ಅದಕ್ಕೆ ಉಳಿದ ಅರ್ಧ ಜಾಗವೂ ಸಾಕಾಗುದಿಲ್ಲ. ಗ್ಯಾರಂಟಿ ನಾನು ಬರಿಲಿಕ್ಕೆ ಆಗುದಿಲ್ಲ."

"ನೀವೇ ಕಮಿಟಿಯಲ್ಲಿ ಹೇಳಿ."

"ನಾನು ಹೇಳಿದ್ರೆ ನನ್ನ ಕೆಲಸ ಹೋಗ್ತದೆ. ನೀವು ಹೇಳಿದ್ರೆ ಈ ಟೆಂಡರ್ ಮಾತ್ರ ಹೋಗ್ತದೆ." ಚಾ ತಣ್ಣಗಾಗಿತ್ತು, ಅವರು ಅದನ್ನೇ ಕುಡಿದರು. "ನೀವು ಹೇಳದಿದ್ರೂ ಯಾಕೆ ಅಂತ ನಾನು ಕೇಳುದಿಲ್ಲ. ನನ್ನತ್ರ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳುದೂ ಇಲ್ಲ. ಅಷ್ಟೇ."

ಅಂದರೆ ಇಡೀ ಭಾರ ನನ್ನ ತಲೆಗೆ. ಹೊರಗೆ ಬಂದಾಗ ಮಣ್ಣಗುಡ್ಡದ ರಸ್ತೆಯುದ್ದಕ್ಕೂ ದಸರಾದ ದೀಪದ ಸರಗಳನ್ನು ಕಟ್ಟುತ್ತಿದ್ದರು. ಅವರು ಆಟೋ ಹಿಡಿದರು, ನಾನು ಬಸ್ಸಿಗೆ ನಿಂತೆ.

ಕಮಿಟಿಯ ಕೊನೆಯ ಸಭೆ ಆ ಶುಕ್ರವಾರ ಹನ್ನೊಂದಕ್ಕೆ. ಅಧ್ಯಕ್ಷತೆ ಹಿರಿಯ ಇಂಜಿನಿಯರ್ ವಾರಿಜಾಕ್ಷಿ ಮೇಡಂ ಅವರದು. ಮೂರು ವಿಧಾನಗಳ ಕಂಪೆನಿಯವರೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ಇರ್ವಿನ್ ಕಿಟಕಿಯ ಬಳಿ. ನನ್ನ ಮುಂದೆ ಹಳೆಯ ಪುಸ್ತಕಗಳು, ಸಹಿಯಿಲ್ಲದ ವರದಿ. ಕಮಿಟಿಯವರು ಒಬ್ಬೊಬ್ಬರಾಗಿ ಮೆಂಬ್ರೇನಿನ ಗುಣಗಾನ ಮಾಡಿದರು. ನೀರು ಬಾಟಲಿ ನೀರಿನ ಹಾಗೆ, ಜಾಗ ಉಳಿಯುತ್ತದೆ, ಹೊರದೇಶದ ತಂತ್ರಜ್ಞಾನ. ಹಳೆಯ ಪದ್ಧತಿಯನ್ನು ಒಬ್ಬರು "ಅಜ್ಜನ ಕಾಲದ್ದು" ಎಂದರು. ನಾನು ಅವರನ್ನು ದುರುಗುಟ್ಟಿ ನೋಡಿದೆ, ಅವರು ನೀರು ಕುಡಿದರು.

"ಹಾಗಾದ್ರೆ ಮೂರನೆಯದ್ದು ಅಂತ ಬರಿಲಿಕ್ಕೆ ಹೇಳ್ತೇನೆ," ಎಂದರು ಮೇಡಂ. "ಕುಶಲಾ, ನಿಮ್ಮ ಸಹಿ ಒಂದು ಬಾಕಿ ಉಂಟು. ಅಂಕಿ ಎಲ್ಲ ಸರಿ ಉಂಟಲ್ಲ?"

ಹೌದು ಎಂದರೆ ಮುಗಿಯಿತು. ತಲೆಯಾಡಿಸಿದರೂ ಸಾಕಾಗಿತ್ತು. ನಾನು ಕಿಟಕಿಯ ಕಡೆ ನೋಡಿದೆ. ಇರ್ವಿನ್ ನನ್ನನ್ನು ನೋಡುತ್ತಿರಲಿಲ್ಲ, ತಮ್ಮ ಮೊಣಕಾಲನ್ನು ನೋಡುತ್ತಿದ್ದರು. ಕಿವಿಯ ಹಿಂದೆ ಹೊಸದಾಗಿ ಕತ್ತರಿಸಿದ ಬಿಳಿಕೂದಲು ಕಂಡಿತು. ಇವರನ್ನು ಇಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ಆ ಕ್ಷಣದಷ್ಟು ಎಂದೂ ಅನ್ನಿಸಿರಲಿಲ್ಲ. ನಾನು ಎದ್ದು ನಿಂತೆ. ಕೂತು ಹೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಸರಿ ಇಲ್ಲ ಮೇಡಂ. ಇದು ಬೋಟಿಲ್ಲದ ತಿಂಗಳ ನೀರು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೇಡಂಗೆ ತಿಳಿಯಿತು, ಅವರ ತವರು ಮಲ್ಪೆ, ಅದೂ ಬೋಟಿನ ಊರೇ. ಪೆನ್ನನ್ನು ಕೆಳಗಿಟ್ಟರು. ನಾನು ಪೈಪಿನ ವಿಷಯ ಹೇಳಿದೆ, ಪುಸ್ತಕ ತೆರೆದು ಏಳು ವರ್ಷದ ಭಾನುವಾರಗಳನ್ನು ತೋರಿಸಿದೆ, ಮೊನ್ನೆಯ ನೂರ ಇಪ್ಪತ್ತೆಂಟನ್ನೂ ಓದಿದೆ. ದನಿ ನಡುಗಲಿಲ್ಲ.

"ಮಿಸ್ಟರ್ ಲಸ್ರಾದೊ, ನೀವೆಂತ ಹೇಳ್ತೀರಿ?" ಎಂದು ಮೇಡಂ ಕೇಳಿದರು.

ಇರ್ವಿನ್ ಎದ್ದರು. "ಅವರು ಹೇಳಿದ್ದು ಸರಿ ಮೇಡಂ. ತಪ್ಪು ನನ್ನದು. ಈ ನೀರಿಗೆ ನಮ್ಮ ಮೆಂಬ್ರೇನ್ ಒಂದು ವರ್ಷವೂ ಬಾಳಿಕೆ ಬರುದಿಲ್ಲ. ಇಲ್ಲಿಗೆ ಹಳೆಯದ್ದೇ ಆಗಬೇಕು. ಮುಂದಿನ ಜಿಡ್ಡಿನ ತೊಟ್ಟಿ ಸ್ವಲ್ಪ ದೊಡ್ಡದು ಮಾಡಿ, ಕೊನೆಗೆ ಮರಳಿನ ಫಿಲ್ಟರ್. ಅದು ನಡೀತದೆ." ಪಕ್ಕದಲ್ಲಿದ್ದ ಅವರ ಕಂಪೆನಿಯವನು ತೋಳು ಹಿಡಿದು ಎಳೆದ. ಇರ್ವಿನ್ ಕೂರಲಿಲ್ಲ. ನನ್ನ ಪ್ರೀತಿ ದಂಡವಾಗಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು, ಅದೇ ಹೊತ್ತಿಗೆ ಅವರು ಹೋಗುತ್ತಾರೆ ಎಂದೂ ಗೊತ್ತಾಯಿತು.

ಹನ್ನೆರಡೂವರೆಗೆ ಮೊದಲನೆಯ ವಿಧಾನ ಎಂದು ಬರೆದು ಏಳು ಜನ ಸಹಿ ಹಾಕಿದೆವು.

ನಾನು ಮೆಟ್ಟಿಲಿಳಿದು ಬರುವಾಗ ಇರ್ವಿನ್ ಕೆಳಗೆ ಕಾರಿನ ಬಳಿ ನಿಂತಿದ್ದರು. ಕಂಪೆನಿಯವನು ಆಗಲೇ ಹಿಂದಿನ ಸೀಟಿನಲ್ಲಿ ಕೂತು ಯಾರೊಡನೆಯೋ ಫೋನಿನಲ್ಲಿ ಕೂಗಾಡುತ್ತಿದ್ದ.

"ಕೆಲಸ ಹೋಯ್ತಾ?" ಎಂದು ಕೇಳಿದೆ.

"ಇಲ್ಲ. ಮಸ್ಕತ್ತಿಂದಲೂ ಆಚೆ, ಸಲಾಲಾಕ್ಕೆ ಹಾಕ್ತಾರಂತೆ. ಅಲ್ಲೊಂದು ಸಣ್ಣ ಪ್ಲಾಂಟ್ ಉಂಟು. ನಾಳೆ ಮಧ್ಯಾಹ್ನದ ಫ್ಲೈಟ್."

ಸಿಟ್ಟಿನಿಂದಲೇ ಮಾತಾಡಿದೆ, ನನಗೆ ಬೇರೆ ದಾರಿ ಗೊತ್ತಿಲ್ಲ. "ಮತ್ತೆಂತ ಮಾಡಬೇಕಿತ್ತು ನಾನು? ಸುಮ್ಮನಿದ್ದಿದ್ರೆ ವರ್ಷದೊಳಗೆ ಕೊಳವೆ ಎಲ್ಲ ಕಟ್ಟಿ ನೀವು ದಿನಾ ಬೈಕೊಂಡು ಇರ್ತಿದ್ರಿ."

"ಬೈಕೊಂಡಾದ್ರೂ ಇಲ್ಲೇ ಇರ್ತಿದ್ದೆ," ಎಂದರು.

ನಾನು ಅವರ ಮುಖ ನೋಡಿದೆ. ಅವರು ಈ ಸಲ ನೋಟ ತೆಗೆಯಲಿಲ್ಲ. ಹತ್ತು ವರ್ಷದ ಲೆಕ್ಕವನ್ನು ನಾನೊಬ್ಬಳೇ ಹಾಕಿದ್ದಲ್ಲ ಎಂದು ನನಗೆ ತಿಳಿದದ್ದು ಅಲ್ಲಿ, ಆ ಬಿಸಿಲಿನಲ್ಲಿ, ಸಹಿ ಒಣಗಿ ಹತ್ತು ನಿಮಿಷವಾದ ಮೇಲೆ. ಕಾರಿನ ಬಾಗಿಲು ತೆರೆದೇ ಇತ್ತು. ಅವರು ಹತ್ತಲಿಲ್ಲ. ಹೇಳುವುದಿದ್ದರೆ ಈಗಲೇ.

"ಹಳೆಯ ಪದ್ಧತಿ ಗೊತ್ತಿರುವವರು ಈಗ ಯಾರೂ ಇಲ್ಲ," ಎಂದೆ. "ಮರಳಿನ ಫಿಲ್ಟರಿಗೆ ಒಬ್ಬರು ಬೇಕು."

ಅವರು ಕಾರಿನ ಬಾಗಿಲ ಮೇಲೆ ಕೈಯಿಟ್ಟರು. "ಫಿಲ್ಟರಿಗಾ?"

"ಹೌದು. ವಾರಕ್ಕೆ ಎರಡು ಸಲ ಕೆಳಗಿಂದ ನೀರು ಬಿಟ್ಟು ತೊಳಿಬೇಕಲ್ಲ, ಮರಳು ಬದಲಾಯಿಸ್ಲಿಕ್ಕೂ ಉಂಟು..."

"ಅದಕ್ಕೆ ಲೋಕಯ್ಯಣ್ಣ ಸಾಕು, ಕುಶಲಾ," ಎಂದು ಮೆಲ್ಲಗೆ ನಕ್ಕು ಕಾರು ಹತ್ತಿದರು.

ಕಾರು ಗೇಟು ದಾಟಿ ಎಡಕ್ಕೆ ತಿರುಗಿತು. ನನಗೆ ಬೇಕು ಎನ್ನಬೇಕಾಗಿತ್ತು. ಫಿಲ್ಟರಿಗೆ ಅಂದೆ.